ಬೆಕ್ಕನ್ನು ಬಿಡದ ವೈರಾಣು: ಯಾವ ಚಿಕಿತ್ಸೆ, ಯಾವಾಗ?

ರಾಯಚೂರು: 2025ರ ಮಾರ್ಚ್ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಬೆಕ್ಕುಗಳಿಗೆ ಎಫ್‌ಪಿವಿ ಸೋಂಕು ತಗುಲಿದೆ ಎಂಬ ವರದಿಗಳು ಬಂದಾಗ ಬೆಕ್ಕು ಸಾಕಿದವರಲ್ಲಿ ಸಹಜವಾಗಿಯೇ ಆತಂಕ ಮೂಡಿತ್ತು. ಪ್ಯಾನ್‌ಲ್ಯುಕೋಪೀನಿಯಾ ಎಂಬ ಆ ರೋಗ ಹಠಾತ್ತನೆ ಎರಗುವಂಥದು. ವಾಂತಿ, ಭೇದಿ, ನಿತ್ರಾಣ. ಕೆಲವೇ ದಿನಗಳಲ್ಲಿ ಬೆಕ್ಕು ಸಾಯುತ್ತದೆ, ಇಲ್ಲವೇ ಚೇತರಿಸಿಕೊಂಡು ದೀರ್ಘಕಾಲದ ರೋಗನಿರೋಧಕ ಶಕ್ತಿ ಪಡೆಯುತ್ತದೆ. ಅದಕ್ಕೆ ಪರಿಣಾಮಕಾರಿ ಲಸಿಕೆಯೂ ಇದೆ. ಆದರೆ ಒಮ್ಮೆ ಹೊಕ್ಕ ಮೇಲೆ ಹೊರಹೋಗದೆ ದೇಹದಲ್ಲೇ ಬೀಡುಬಿಡುವ ವೈರಾಣುಗಳ ವಿಷಯ ಹಾಗಲ್ಲ. ಅಲ್ಲಿ ಮಾಲೀಕರು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿರ್ಧಾರಗಳನ್ನು ತೆಗೆದುಕೊಳ್ಳುತ್ತಲೇ ಇರಬೇಕಾಗುತ್ತದೆ.

ಹೆಸರುಗಳೇ ಮೊದಲ ತೊಡಕು. ಎಫ್‌ಪಿವಿ, ಎಫ್‌ಐವಿ, ಎಫ್‌ಐಪಿ ಇವು ಕೇಳಲು ಒಂದೇ ಬಗೆಯವು. ರೋಗಗಳು ಮಾತ್ರ ಬೇರೆ ಬೇರೆ, ಚಿಕಿತ್ಸೆಯೂ ಬೇರೆ. ಒಂದರ ಔಷಧವನ್ನು ಇನ್ನೊಂದಕ್ಕೆ ಹುಡುಕುತ್ತ ಹಣ ಕಳೆದುಕೊಳ್ಳುವ ಸಾಧ್ಯತೆ ಇಲ್ಲಿಂದಲೇ ಆರಂಭವಾಗುತ್ತದೆ.

ದೀರ್ಘಕಾಲ ಉಳಿಯುವ ಸೋಂಕುಗಳಲ್ಲಿ ಎರಡು ಮುಖ್ಯವಾದವು. ಒಂದು, ಲ್ಯುಕೇಮಿಯಾ ವೈರಾಣು. ಇದನ್ನು 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ವಿಲಿಯಂ ಜ್ಯಾರೆಟ್ ಮತ್ತು ಸಂಗಡಿಗರು ಗುರುತಿಸಿದರು. ಜೊಲ್ಲಿನ ಮೂಲಕ, ಅಂದರೆ ಒಂದನ್ನೊಂದು ನೆಕ್ಕುವುದರಿಂದ, ಒಂದೇ ತಟ್ಟೆಯಲ್ಲಿ ತಿನ್ನುವುದರಿಂದ ಇದು ಹರಡುತ್ತದೆ. ತಾಯಿಯಿಂದ ಮರಿಗೂ ದಾಟುತ್ತದೆ. ಇನ್ನೊಂದು ಎಫ್‌ಐವಿ. 1986ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೀಲ್ಸ್ ಪೆಡರ್ಸನ್ ಮತ್ತು ಜಾನೆಟ್ ಯಮಾಮೊಟೊ ಇದನ್ನು ಪತ್ತೆ ಮಾಡಿದರು. ಇದು ಹರಡುವುದು ಮುಖ್ಯವಾಗಿ ಆಳವಾದ ಕಡಿತದ ಗಾಯದಿಂದ. ‘ಬೆಕ್ಕಿನ ಏಡ್ಸ್’ ಎಂಬ ಅಡ್ಡಹೆಸರು ಇದಕ್ಕೆ ಅಂಟಿಕೊಂಡಿದೆ. ಆ ಹೆಸರು ಕೇಳಿದೊಡನೆ ಬೆಕ್ಕನ್ನು ಮನೆಯಿಂದ ಹೊರಹಾಕುವವರಿದ್ದಾರೆ. ವಾಸ್ತವವೆಂದರೆ ಈ ಎರಡೂ ವೈರಾಣುಗಳು ಮನುಷ್ಯರಿಗೆ ತಗುಲುವುದಿಲ್ಲ.

ಕಡಿತದಿಂದ ಹರಡುವ ಸೋಂಕು ಎಂದಾಗ ನಮ್ಮ ಊರುಗಳ ರೀತಿಯನ್ನೂ ಗಮನಿಸಬೇಕು. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಾಗಲಿ (ಬೆಂಗಳೂರಿನ ಜಾಲಹಳ್ಳಿಯಲ್ಲ), ಮಾನ್ವಿ ಅಥವಾ ರಾಯಚೂರು ನಗರದಲ್ಲಾಗಲಿ, ಬೆಕ್ಕೆಂದರೆ ಅರ್ಧ ಮನೆಯದು, ಅರ್ಧ ಬೀದಿಯದು. ಭತ್ತ, ತೊಗರಿ, ಜೋಳದ ಚೀಲಗಳಿರುವೆಡೆ ಇಲಿ, ಇಲಿಯಿರುವೆಡೆ ಬೆಕ್ಕು. ರಾತ್ರಿ ಮಾಳಿಗೆಯಿಂದ ಮಾಳಿಗೆಗೆ ದಾಟಿ ಕಾದಾಡುವ ಗಂಡು ಬೆಕ್ಕುಗಳೇ ಎಫ್‌ಐವಿಗೆ ಹೆಚ್ಚು ಈಡಾಗುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಅಲೆದಾಟವೂ ಕಾದಾಟವೂ ತಗ್ಗುತ್ತವೆ. ಈ ರೋಗದ ಮಟ್ಟಿಗೆ, ಒಮ್ಮೆ ಮಾತ್ರ ಖರ್ಚು ಮಾಡಿ ಬಹುಕಾಲ ಫಲ ಪಡೆಯುವ ಕ್ರಮವೆಂದರೆ ಇದೇ.

ವರದಿಯನ್ನು ಎಷ್ಟು ನಂಬಬೇಕು?

ಕ್ಲಿನಿಕ್‌ಗಳಲ್ಲಿ ಬಳಸುವ ಕಿಟ್ ಕೆಲವು ಹನಿ ರಕ್ತದಿಂದ ನಿಮಿಷಗಳಲ್ಲೇ ಫಲಿತಾಂಶ ನೀಡುತ್ತದೆ. ಲ್ಯುಕೇಮಿಯಾ ಪರೀಕ್ಷೆ ವೈರಾಣುವಿನ ಪ್ರೋಟೀನನ್ನೇ ಹುಡುಕುತ್ತದೆ. ಎಫ್‌ಐವಿ ಪರೀಕ್ಷೆ ಹುಡುಕುವುದು ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಈ ವ್ಯತ್ಯಾಸ ಚಿಕ್ಕದಲ್ಲ. ಸೋಂಕಿತ ತಾಯಿಯ ಹಾಲು ಕುಡಿದ ಮರಿಯಲ್ಲಿ ತಾಯಿಯ ಪ್ರತಿಕಾಯಗಳೇ ಇರಬಹುದಾದ್ದರಿಂದ, ಸೋಂಕೇ ಇಲ್ಲದ ಮರಿಗೂ ‘ಪಾಸಿಟಿವ್’ ಎಂಬ ವರದಿ ಬರಬಹುದು. ಆರು ತಿಂಗಳು ತುಂಬಿದ ಮೇಲೆ ಮತ್ತೆ ಪರೀಕ್ಷಿಸದೆ ಅಂತಹ ಮರಿಯ ಬಗ್ಗೆ ತೀರ್ಮಾನಿಸುವುದು ಅನ್ಯಾಯ.

ಲ್ಯುಕೇಮಿಯಾ ವಿಷಯದಲ್ಲಿಯೂ ಒಂದೇ ವರದಿ ಸಾಲದು. ಕೆಲವು ಬೆಕ್ಕುಗಳ ದೇಹ ವೈರಾಣುವನ್ನು ಹತ್ತಿಕ್ಕಿ ಸುಪ್ತವಾಗಿಸುತ್ತದೆ. ಅವು ಬಹುಪಾಲು ಆರೋಗ್ಯವಾಗಿಯೇ ಬಾಳುತ್ತವೆ. ಇನ್ನು ಕೆಲವುಗಳಲ್ಲಿ ವೈರಾಣು ಅಸ್ಥಿಮಜ್ಜೆಯನ್ನು ಹೊಕ್ಕು ರಕ್ತಹೀನತೆ, ಲಿಂಫೋಮಾ ಕ್ಯಾನ್ಸರ್, ಪದೇ ಪದೇ ಸೋಂಕು ತರುತ್ತದೆ. ಇಂತಹವು ಸಾಮಾನ್ಯವಾಗಿ ಕೆಲವೇ ವರ್ಷ ಬದುಕುತ್ತವೆ. ನಿಮ್ಮ ಬೆಕ್ಕು ಯಾವ ಗುಂಪಿನದೆಂದು ತಿಳಿಯಲು ಕೆಲವು ವಾರಗಳ ನಂತರ ಮರುಪರೀಕ್ಷೆ, ಜೊತೆಗೆ ಪಿಸಿಆರ್ ಪರೀಕ್ಷೆ ಬೇಕು. ರಾಯಚೂರಿನಿಂದ ಹೈದರಾಬಾದಿಗೆ ಸುಮಾರು 200, ಬೆಂಗಳೂರಿಗೆ ಸುಮಾರು 400 ಕಿ.ಮೀ. ದೂರ. ಬೆಕ್ಕನ್ನು ಬಸ್ಸಿನಲ್ಲಿ ಅಷ್ಟು ದೂರ ಒಯ್ಯುವ ಮೊದಲು ರಕ್ತದ ಮಾದರಿಯನ್ನಷ್ಟೇ ಕಳುಹಿಸಲು ಸಾಧ್ಯವೇ ಎಂದು ಸ್ಥಳೀಯ ಪಶುವೈದ್ಯರನ್ನು ಕೇಳುವುದು ಒಳಿತು. ಪ್ರಯಾಣದ ಒತ್ತಡವೂ ಇಂತಹ ಬೆಕ್ಕಿಗೆ ಹಿತವಲ್ಲ.

ಔಷಧ ಎಷ್ಟು ಉಪಯುಕ್ತ?

ಈ ಎರಡು ವೈರಾಣುಗಳನ್ನು ದೇಹದಿಂದ ಪೂರ್ತಿ ಹೊರಹಾಕುವ ಔಷಧ ಇಲ್ಲ. ಮನುಷ್ಯರ ಎಚ್‌ಐವಿ ಚಿಕಿತ್ಸೆಗೆ ಬಂದ ಜಿಡೊವುಡಿನ್ ಅನ್ನು ಬೆಕ್ಕುಗಳಿಗೂ ನೀಡುವುದುಂಟು. ಎಫ್‌ಐವಿ ಇರುವ ಬೆಕ್ಕಿನ ಬಾಯಿ ಮತ್ತು ವಸಡಿನ ತೀವ್ರ ಉರಿಯೂತ ಇದರಿಂದ ತಗ್ಗಬಹುದು. ಲ್ಯುಕೇಮಿಯಾದಲ್ಲಿ ಪ್ರಯೋಜನ ಅಷ್ಟಾಗಿ ಕಾಣುವುದಿಲ್ಲ. ಆದರೆ ಈ ಔಷಧವೇ ರಕ್ತಹೀನತೆ ತರಬಲ್ಲದು. ಆದಕಾರಣ ನಿಯಮಿತವಾಗಿ ರಕ್ತ ಪರೀಕ್ಷೆ ಮಾಡಿಸಲು ಸಾಧ್ಯವಿಲ್ಲದ ಊರಿನಲ್ಲಿ ಇದನ್ನು ಆರಂಭಿಸದಿರುವುದೇ ಲೇಸು. ಬೆಕ್ಕಿನ ಇಂಟರ್‌ಫೆರಾನ್ ಕೆಲವು ದೇಶಗಳಲ್ಲಿ ಬಳಕೆಯಲ್ಲಿದೆ. ದುಬಾರಿ, ಫಲಿತಾಂಶವೂ ಒಂದೇ ತೆರನಾಗಿಲ್ಲ.

ಹಾಗಾದರೆ ಮಾಡುವುದೇನು? ಆರೋಗ್ಯವಾಗಿ ಕಾಣುವ ಸೋಂಕಿತ ಬೆಕ್ಕಿಗೆ ವೈರಾಣು ನಿರೋಧಕ ಔಷಧದ ಅಗತ್ಯವೇ ಇರುವುದಿಲ್ಲ. ಆರು ತಿಂಗಳಿಗೊಮ್ಮೆ ತೂಕ, ಬಾಯಿ, ರಕ್ತದ ತಪಾಸಣೆ. ಹಸಿ ಮಾಂಸ ಕೊಡದಿರುವುದು. ಗಾಯ, ಜ್ವರ, ಭೇದಿ ಕಂಡ ದಿನವೇ ಚಿಕಿತ್ಸೆ. ಬೇರೆ ಬೆಕ್ಕುಗಳಿಗೆ ಎರಡು ದಿನ ಕಾದು ನೋಡಬಹುದಾದ ಜ್ವರಕ್ಕೆ ಇಲ್ಲಿ ಕಾಯುವಂತಿಲ್ಲ. ಬಾಯಿಯ ನೋವು ಮಿತಿಮೀರಿದಾಗ ಹಲ್ಲು ಕೀಳಿಸುವುದು ಕ್ರೂರವೆಂದು ತೋರಿದರೂ, ಅದರ ನಂತರ ಬೆಕ್ಕು ಮತ್ತೆ ತಿನ್ನಲಾರಂಭಿಸುವುದುಂಟು. ಈ ಆರೈಕೆಯಲ್ಲಿ ಎಫ್‌ಐವಿ ಬೆಕ್ಕುಗಳು ಬಹುತೇಕ ಸಾಮಾನ್ಯ ಆಯುಷ್ಯವನ್ನೇ ಪಡೆಯುತ್ತವೆ. ಲ್ಯುಕೇಮಿಯಾ ಇರುವ ಬೆಕ್ಕನ್ನು ಮಾತ್ರ ಮನೆಯ ಇತರ ಬೆಕ್ಕುಗಳಿಂದ ಬೇರೆ ಇಡಬೇಕು, ತಟ್ಟೆಯೂ ಬೇರೆ.

ಕಣ್ಣಲ್ಲಿ ನೀರು, ಸೀನು ಮರುಕಳಿಸುವ ಹರ್ಪಿಸ್ ಸೋಂಕಿಗೆ ಲೈಸಿನ್ ಪುಡಿ ಬಹುಕಾಲ ಜನಪ್ರಿಯವಾಗಿತ್ತು. 2015ರಲ್ಲಿ ಪ್ರಕಟವಾದ ಅಧ್ಯಯನಗಳ ಸಮೀಕ್ಷೆಯೊಂದು ಅದರಿಂದ ಪ್ರಯೋಜನವಿಲ್ಲ, ನಿಲ್ಲಿಸುವುದೇ ಸರಿ ಎಂದಿತು. ತೀವ್ರ ಪ್ರಕರಣಗಳಲ್ಲಿ ಫ್ಯಾಮ್‌ಸೈಕ್ಲೊವಿರ್ ಉಪಯುಕ್ತ. ಅದೇ ವರ್ಗದ ವ್ಯಾಲಸೈಕ್ಲೊವಿರ್ ಬೆಕ್ಕಿಗೆ ಮಾರಕ. ಹೆಸರಿನ ಕೊನೆ ಒಂದೇ ಎಂದು ಔಷಧಿ ಅಂಗಡಿಯಲ್ಲಿ ಬದಲಿ ಮಾತ್ರೆ ಕೇಳುವಂತಿಲ್ಲ. ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡುವುದು ಇನ್ನೂ ಅಪಾಯ. 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಲೆಕ್ಕ ಬದಲಿಸಿದ ಎಫ್‌ಐಪಿ

ಇಷ್ಟೆಲ್ಲ ಎಚ್ಚರಿಕೆಯ ನಡುವೆ ದುಬಾರಿ ಔಷಧಕ್ಕೆ ಹಣ ಹಾಕುವುದು ನಿಜಕ್ಕೂ ಸಾರ್ಥಕವಾಗುವ ರೋಗವೊಂದಿದೆ. ಬೆಕ್ಕುಗಳ ಕರುಳಿನಲ್ಲಿ ಸಾಮಾನ್ಯವಾಗಿ ನಿರುಪದ್ರವಿಯಾಗಿರುವ ಕೊರೊನಾ ವೈರಾಣು, ಕೆಲವೇ ಬೆಕ್ಕುಗಳಲ್ಲಿ ರೂಪಾಂತರಗೊಂಡು ಎಫ್‌ಐಪಿ ಆಗುತ್ತದೆ. ಇದು ಕೋವಿಡ್‌ನ ವೈರಾಣುವಲ್ಲ. ಎರಡು ವರ್ಷದೊಳಗಿನ ಬೆಕ್ಕುಗಳೇ ಹೆಚ್ಚು ಬಲಿಯಾಗುತ್ತವೆ. ಇಳಿಯದ ಜ್ವರ, ಹಳದಿ ದ್ರವ ತುಂಬಿ ಉಬ್ಬಿದ ಹೊಟ್ಟೆ ಇದರ ಲಕ್ಷಣ. ಕೆಲವು ವರ್ಷಗಳ ಹಿಂದಿನವರೆಗೆ ಈ ರೋಗವೆಂದರೆ ಸಾವೇ.

2019ರಲ್ಲಿ ಅದೇ ಪೆಡರ್ಸನ್ ಅವರ ತಂಡ ಜಿಎಸ್-441524 ಎಂಬ ಔಷಧವನ್ನು 31 ಬೆಕ್ಕುಗಳಿಗೆ ನೀಡಿದ ಅಧ್ಯಯನ ಪ್ರಕಟಿಸಿತು. ತೀರಾ ಅಸ್ವಸ್ಥವಾಗಿದ್ದ ಕೆಲವು ಬೆಕ್ಕುಗಳು ಆರಂಭದಲ್ಲೇ ಸತ್ತರೂ, 26 ಬೆಕ್ಕುಗಳು 12 ವಾರಗಳ ಚಿಕಿತ್ಸೆಯನ್ನು ಪೂರೈಸಿದವು. ಅವುಗಳಲ್ಲಿ ಬಹುತೇಕ ಎಲ್ಲವೂ ಬದುಕುಳಿದವು. ಕೋವಿಡ್ ಕಾಲದಲ್ಲಿ ಮನೆಮಾತಾದ ರೆಮ್‌ಡೆಸಿವಿರ್ ದೇಹದೊಳಗೆ ಪರಿವರ್ತನೆಯಾಗುವುದು ಇದೇ ವಸ್ತುವಾಗಿ. 2020ರಲ್ಲಿ ಮೈಲಾನ್ ಕಂಪನಿ ತನ್ನ ಬೆಂಗಳೂರು ಘಟಕದಲ್ಲಿ ತಯಾರಿಸಿದ ರೆಮ್‌ಡೆಸಿವಿರ್‌ಗೆ ಬಾಟಲಿಯೊಂದಕ್ಕೆ 4,800 ರೂಪಾಯಿ ಬೆಲೆಯಿತ್ತು. ಬೆಕ್ಕಿಗೆಂದೇ ವೈದ್ಯರ ಚೀಟಿಯ ಮೇಲೆ ಈ ಔಷಧಗಳು ಬ್ರಿಟನ್ನಿನಲ್ಲಿ 2021ರಿಂದ, ಅಮೆರಿಕದಲ್ಲಿ 2024ರಿಂದ ದೊರೆಯುತ್ತಿವೆ. ಅದಕ್ಕೂ ಮುನ್ನ ಬೆಳೆದ ಕಳ್ಳ ಮಾರುಕಟ್ಟೆಯ ಸೀಸೆಗಳಲ್ಲಿ ಲೇಬಲ್ಲಿನಲ್ಲಿ ಬರೆದಷ್ಟೇ ಔಷಧ ಇರುತ್ತಿರಲಿಲ್ಲ.

ಖರ್ಚು ಹೆಚ್ಚುವುದು ಅವಧಿಯಿಂದ. ನಿತ್ಯವೂ ಔಷಧ, ಒಟ್ಟು 84 ದಿನ. ಬೆಕ್ಕು ತೂಕ ಗಳಿಸಿದಂತೆ ಪ್ರಮಾಣವನ್ನೂ ಏರಿಸಬೇಕು. ದ್ರವ ತುಂಬುವ ಬಗೆಯ ಎಫ್‌ಐಪಿ ಇದ್ದ 40 ಬೆಕ್ಕುಗಳ ಮೇಲೆ ಜರ್ಮನಿಯಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 42 ದಿನಗಳ ಚಿಕಿತ್ಸೆಯೂ ಅಷ್ಟೇ ಫಲ ನೀಡಿತು. ಕಣ್ಣು, ಮಿದುಳಿಗೆ ರೋಗ ಹರಡಿದ ಬೆಕ್ಕುಗಳಿಗೆ ಈ ರಿಯಾಯಿತಿ ಅನ್ವಯಿಸದು. ಹಣ ಮುಗಿಯಿತೆಂದು ಮೂರನೇ ವಾರಕ್ಕೆ ನಿಲ್ಲಿಸಿದರೆ ರೋಗ ಮರುಕಳಿಸುವ ಸಂಭವವೇ ಹೆಚ್ಚು. ಹೀಗಾಗಿ ಪೂರ್ತಿ ಅವಧಿಯ ವೆಚ್ಚವನ್ನು ವೈದ್ಯರಿಂದ ಬರೆಸಿಕೊಂಡ ನಂತರವೇ ಮೊದಲ ಚುಚ್ಚುಮದ್ದು ಹಾಕಿಸಬೇಕು.

ವೆಚ್ಚ ಭರಿಸಲಾಗದವರು, ಅಥವಾ ಲ್ಯುಕೇಮಿಯಾದ ಕೊನೆಯ ಹಂತದ ಬೆಕ್ಕನ್ನು ಇಟ್ಟುಕೊಂಡವರು ಅದನ್ನು ಸಂತೆಯಲ್ಲೋ ಕಾಲುವೆಯ ದಂಡೆಯಲ್ಲೋ ಬಿಟ್ಟು ಬರುವುದು ಚಿಕಿತ್ಸೆಯ ಆಯ್ಕೆಯಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ವಿಧಿಯಡಿ ಅಪರಾಧ. ಬೀದಿಗೆ ಬಿಟ್ಟ ಬೆಕ್ಕು ಸೋಂಕನ್ನು ಇನ್ನಷ್ಟು ಬೆಕ್ಕುಗಳಿಗೆ ದಾಟಿಸುತ್ತದೆ. ತಿನ್ನುವುದನ್ನು ನಿಲ್ಲಿಸಿ, ಉಸಿರಾಟಕ್ಕೂ ಕಷ್ಟಪಡುವ ಬೆಕ್ಕಿನ ವಿಷಯದಲ್ಲಿ ನೋವು ಶಮನಗೊಳಿಸುವ ಆರೈಕೆ ಇಲ್ಲವೇ ದಯಾಮರಣ, ಎರಡರ ಬಗ್ಗೆಯೂ ಪಶುವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡಬಹುದು. ಅದು ಸತ್ತ ಮನೆಗೆ ಹೊಸ ಮರಿ ತರುವವರು ಹಳೆಯ ತಟ್ಟೆ, ಹಾಸಿಗೆಗಳನ್ನು ತೊಳೆದು ಒಣಗಿಸಿದರೆ ಲ್ಯುಕೇಮಿಯಾ ವೈರಾಣು ಉಳಿಯದು. ಎಫ್‌ಪಿವಿ ಮಾತ್ರ ತಿಂಗಳುಗಟ್ಟಲೆ ಉಳಿಯಬಲ್ಲದಾದ್ದರಿಂದ, ಮರಿಗೆ ಲಸಿಕೆ ಹಾಕಿಸಿಯೇ ಮನೆಯೊಳಗೆ ಬಿಡಬೇಕು.