ಲೋಕ ಸುತ್ತಿದ ಸಕ್ಕರೆ, ಮನೆಯಲ್ಲುಳಿದ ಬೆಲ್ಲ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಮನೆಗಳಲ್ಲಿ ಸಂಕ್ರಾಂತಿಯ ದಿನ ಒಂದೇ ತಟ್ಟೆಯಲ್ಲಿ ಎಳ್ಳು-ಬೆಲ್ಲವೂ ಸಕ್ಕರೆ ಅಚ್ಚೂ ಇರುತ್ತವೆ. ಎರಡೂ ಕಬ್ಬಿನ ಹಾಲಿನಿಂದಲೇ ಆದವು. ಆದರೆ ಅವುಗಳ ಹೆಸರು ಬಂದ ದಾರಿ ಬೇರೆ ಬೇರೆ.

'ಬೆಲ್ಲ' ದ್ರಾವಿಡ ನುಡಿ. ತೆಲುಗಿನಲ್ಲಿ ಅದು ಬೆಲ್ಲಂ, ತಮಿಳಿನಲ್ಲಿ ವೆಲ್ಲಂ. 'ಕಬ್ಬು' ಕೂಡ ಹಾಗೆಯೇ: ಅದರ ಹಳಗನ್ನಡ ರೂಪ 'ಕರ್ಬು', ತಮಿಳಿನ 'ಕರುಂಬು' ಅದರ ಒಡಹುಟ್ಟು. 'ಸಕ್ಕರೆ'ಯ ಮೂಲ ಮಾತ್ರ ಸಂಸ್ಕೃತದ 'ಶರ್ಕರಾ'. ಅದರ ಮೊದಲ ಅರ್ಥ ಸಿಹಿಯಲ್ಲ, ನೊರಜುಗಲ್ಲು. ಪಾಕ ಹರಳುಗಟ್ಟಿದಾಗ ನೊರಜಿನಂತೆ ಕಂಡದ್ದರಿಂದ ಆ ಹೆಸರು. ಪ್ರಾಕೃತದಲ್ಲಿ ರಕಾರ ಕರಗಿ ಅದು 'ಸಕ್ಕರಾ' ಆಯಿತು, ನಮ್ಮಲ್ಲಿ ಕರ್ಬು ಕಬ್ಬಾದ ಹಾಗೆ. ಮೂಲಾರ್ಥ ಹಿಡಿದು ನೋಡಿದರೆ 'ಕಲ್ಲುಸಕ್ಕರೆ'ಯಲ್ಲಿ ಕಲ್ಲು ಎರಡು ಸಲ ಬಂದಿದೆ!

ಈ ಮಾತು ವ್ಯಾಪಾರದ ಜೊತೆ ದೇಶಾಂತರ ಹೊರಟಿತು. ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್, ಇಂಗ್ಲಿಷಿನಲ್ಲಿ ಶುಗರ್. ಸ್ವೀಡನ್ನಿನ 'ಸೊಕ್ಕರ್' ಮೂಲಕ, ಕಬ್ಬೇ ಬೆಳೆಯದ ಫಿನ್ಲೆಂಡಿಗೂ ಹೋಗಿ 'ಸೊಕೆರಿ' ಆಯಿತು. ತಮಾಷೆಯೆಂದರೆ, ಬೆಲ್ಲಕ್ಕೆ ಇಂಗ್ಲಿಷರು ಹೇಳುವ 'ಜ್ಯಾಗರಿ'ಯೂ ಇದೇ ಬಳ್ಳಿಯದು. ಮಲಯಾಳಂನ 'ಚಕ್ಕರ' ಪೋರ್ಚುಗೀಸರ ಬಾಯಲ್ಲಿ ರೂಪ ಬದಲಿಸಿ ಅಲ್ಲಿಗೆ ತಲುಪಿತು. ಇಂಗ್ಲಿಷಿನಲ್ಲಿ ಬೆಲ್ಲ, ಸಕ್ಕರೆಗಳ ಹೆಸರು ಒಂದೇ ತಾಯಿಯ ಮಕ್ಕಳು. ಕನ್ನಡದಲ್ಲಿ ಬೆಲ್ಲಕ್ಕೆ ತನ್ನದೇ ಮನೆತನ.

ಹತ್ತೊಂಬತ್ತನೆಯ ಶತಮಾನದಲ್ಲಿ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿದ್ದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ರೈತರ ಬೆಲ್ಲವನ್ನೇ ಶುದ್ಧಿ ಮಾಡಿ ಸಕ್ಕರೆ ತೆಗೆಯುತ್ತಿತ್ತು. ಕನ್ನಂಬಾಡಿ ಕಟ್ಟೆಯ ನೀರನ್ನು ನೆಚ್ಚಿ 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಬಳಿಕ ಪಾಂಡವಪುರಕ್ಕೆ ಸಹಕಾರಿ ಕಾರ್ಖಾನೆ ಬಂತು. ಜಿಲ್ಲೆಗೆ 'ಸಕ್ಕರೆ ನಾಡು' ಎಂಬ ಹೆಸರು ನಿಂತಿತು.

ಬೆಲ್ಲದ ಮಾತುಗಳು ಮಾತ್ರ ಆಲೆಮನೆಯಲ್ಲಿ ಉಳಿದವು. ಆಲೆ ಎಂದರೆ ಕಬ್ಬು ಅರೆಯುವ ಗಾಣ. ಕಬ್ಬಿನ ಹಾಲು ಕಾಯುವುದು ಕೊಪ್ಪರಿಗೆಯಲ್ಲಿ. ಹದ ಬಂದ ಪಾಕ ಇಳಿಯುವುದು ಅಚ್ಚಿಗೆ. ಇವೆಲ್ಲ ಕೆಲಸದೊಡನೆ ಬದುಕುವ ಪದಗಳು. ಕೂಲಿಯಾಳುಗಳ ಅಭಾವ, ಬೆಲೆಯ ಏರಿಳಿತಗಳಿಗೆ ಸಿಕ್ಕಿ ಎಷ್ಟೋ ಆಲೆಮನೆಗಳು ಬಾಗಿಲು ಹಾಕಿವೆ. ಸಕ್ಕರೆಯ ಹೆಸರನ್ನು ಕಾಯಲು ಲೋಕದ ಹತ್ತಾರು ಭಾಷೆಗಳಿವೆ. ಆಲೆಮನೆಯ ಮಾತನ್ನು ಕಾಯಬೇಕಾದದ್ದು ಕಬ್ಬು ಬೆಳೆಯುವ ಈ ಊರುಗಳೇ.