ವಿದ್ಯಾರ್ಥಿನಿಯರ ಸಾಫ್ಟ್‌ಬಾಲ್ ಪಂದ್ಯಾವಳಿ: ಎರಡು ಸೋಲಿನ ನಿಯಮ

ಶಿವಮೊಗ್ಗೆಯ ದುರ್ಗಿಗುಡಿಯಲ್ಲಿ ಮನೆಯುಳ್ಳ ಕಾಲೇಜು ವಿದ್ಯಾರ್ಥಿನಿಯೊಬ್ಬಳಿಗೆ ಸಾಫ್ಟ್‌ಬಾಲ್ ಆಟದಲ್ಲಿ ರಾಷ್ಟ್ರಮಟ್ಟವನ್ನು ಮುಟ್ಟಬೇಕೆಂಬ ಅಭಿಲಾಷೆ ಹುಟ್ಟಿತೆಂದು ಭಾವಿಸೋಣ. ಅವಳು ಮೊದಲು ತನ್ನ ಕಾಲೇಜಿನ ತಂಡದಲ್ಲಿ ಸ್ಥಾನ ಪಡೆದು, ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳು ಕೂಡುವ ಅಂತರಕಾಲೇಜು ಸ್ಪರ್ಧೆಗಳಲ್ಲಿ ಆಯ್ಕೆಗಾರರ ಮನ್ನಣೆಗೆ ಪಾತ್ರಳಾಗಿ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ನೆಲೆಗೊಂಡಿರುವ, 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ ತಂಡವನ್ನು ಸೇರಬೇಕು. ಆ ಬಳಿಕವೇ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘದ ಆಶ್ರಯದಲ್ಲಿ ನಡೆಯುವ ಅಖಿಲ ಭಾರತ ಪಂದ್ಯಾವಳಿಯ ಬಾಗಿಲು ಅವಳಿಗೆ ತೆರೆಯುವುದು. 1925ರಲ್ಲಿ ಅಂತರವಿಶ್ವವಿದ್ಯಾನಿಲಯ ಮಂಡಳಿಯೆಂಬ ಹೆಸರಿನಿಂದ ಉದಯಿಸಿದ ಈ ಸಂಘದ ಕ್ರೀಡೆಗಳಲ್ಲಿ ಮಹಿಳೆಯರ ಸಾಫ್ಟ್‌ಬಾಲ್ ಕೂಡ ಸೇರಿದೆ. ಇಷ್ಟು ಶ್ರಮದಿಂದ ಏರಿಬಂದ ಆಟಗಾರ್ತಿಗೆ ಪಂದ್ಯಾವಳಿಯು ಯಾವ ಬಗೆಯ ನ್ಯಾಯವನ್ನು ಸಲ್ಲಿಸಬೇಕೆಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಆಟದ ಸ್ವರೂಪ

1887ರ ನವೆಂಬರಿನಲ್ಲಿ ಅಮೆರಿಕದ ಷಿಕಾಗೊ ನಗರದ ದೋಣಿವಿಹಾರ ಸಂಘವೊಂದರ ಕಟ್ಟಡದೊಳಗೆ ಜಾರ್ಜ್ ಹ್ಯಾಂಕಾಕ್ ಎಂಬಾತನು ಮುಷ್ಟಿಯುದ್ಧದ ಕೈಗವುಸೊಂದನ್ನು ಉಂಡೆಕಟ್ಟಿ ಚೆಂಡನ್ನಾಗಿಸಿ, ಕೋಲನ್ನೇ ಬ್ಯಾಟನ್ನಾಗಿಸಿ ಆಡಿಸಿದ ವಿನೋದದಿಂದ ಈ ಆಟವು ಹುಟ್ಟಿತು. ಸಾಫ್ಟ್‌ಬಾಲ್ ಎಂಬ ಹೆಸರು ಬಂದುದು 1926ರಲ್ಲಿ. ಹೆಸರಿನಲ್ಲಿ ಮೃದುತ್ವವಿದ್ದರೂ ಇಂದಿನ ಚೆಂಡು ಮೃದುವಲ್ಲ; ಅದರ ಸುತ್ತಳತೆ 12 ಅಂಗುಲ. ತಂಡಕ್ಕೆ ಒಂಬತ್ತು ಮಂದಿ, ಪಂದ್ಯಕ್ಕೆ ಏಳು ಇನ್ನಿಂಗ್ಸ್. ಬೇಸಿನಿಂದ ಬೇಸಿಗೆ 60 ಅಡಿ. ಕಾಲೇಜು ಮಹಿಳೆಯರ ಆಟದಲ್ಲಿ ಚೆಂಡನ್ನೆಸೆಯುವ ಪಿಚರ್ ನಿಲ್ಲುವ ಸ್ಥಳದಿಂದ ಬ್ಯಾಟು ಬೀಸುವವಳ ಬಳಿಯ ಹೋಂ ಪ್ಲೇಟಿಗೆ 43 ಅಡಿ, ಎಂದರೆ ಕ್ರಿಕೆಟ್ ಪಿಚ್ಚಿನ ಮೂರನೆಯ ಎರಡು ಪಾಲಿಗಿಂತಲೂ ಕೊಂಚ ಕಡಿಮೆ. ತೋಳನ್ನು ಪೂರ್ತಿ ವೃತ್ತಾಕಾರವಾಗಿ ಬೀಸಿ, ಸೊಂಟದ ಮಟ್ಟದಿಂದ ಪಿಚರ್ ಎಸೆದ ಚೆಂಡು ಅರ್ಧ ಸೆಕೆಂಡು ಮುಗಿಯುವುದರೊಳಗೆ ಬ್ಯಾಟಿನ ಬಳಿಗೆ ಬಂದಿರುತ್ತದೆ. ಕಣ್ಣು, ಕೈ, ನಿರ್ಧಾರಶಕ್ತಿ ಈ ಮೂರಕ್ಕೂ ಇಂತಹ ಕಠಿಣ ಶಿಕ್ಷಣವನ್ನು ಕೊಡುವ ಆಟವಾದುದರಿಂದಲೇ, 1976ರಲ್ಲಿ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸಿನೆದುರು ಭಾರತದ ಮಹಿಳೆಯರ ಪ್ರಥಮ ಕ್ರಿಕೆಟ್ ಟೆಸ್ಟ್ ತಂಡವನ್ನು ಮುನ್ನಡೆಸಿದ ಶಾಂತಾ ರಂಗಸ್ವಾಮಿಯವರು ಸಾಫ್ಟ್‌ಬಾಲನ್ನೂ ಆಡಿದವರೆಂಬುದು ಸಹಜವಾಗಿಯೇ ತೋರುತ್ತದೆ.

ಪಂದ್ಯಾವಳಿಯ ಇತಿಹಾಸ

ಆಟಗಾರ್ತಿಗೆ ಸಲ್ಲಬೇಕಾದ ನ್ಯಾಯದ ಪ್ರಶ್ನೆಗೆ ಒಂದು ಮಾದರಿ ಉತ್ತರ ಅಮೆರಿಕದಲ್ಲಿ ಸಿಗುತ್ತದೆ. ಅಲ್ಲಿನ ಕಾಲೇಜು ಮಹಿಳೆಯರ ರಾಷ್ಟ್ರೀಯ ಸಾಫ್ಟ್‌ಬಾಲ್ ಪಂದ್ಯಾವಳಿಯು ಮೊಟ್ಟಮೊದಲು ನಡೆದುದು 1969ರಲ್ಲಿ, ಒಮಾಹಾ ನಗರದಲ್ಲಿ. ಪುರುಷರ ಕ್ರೀಡೆಗಳನ್ನು ಬಹುಕಾಲದಿಂದ ನಡೆಸುತ್ತಿದ್ದ ರಾಷ್ಟ್ರೀಯ ಕಾಲೇಜು ಕ್ರೀಡಾಸಂಸ್ಥೆಯು ಮಹಿಳೆಯರಿಗೆಂದು ತನ್ನದೇ ಸಾಫ್ಟ್‌ಬಾಲ್ ಪ್ರಶಸ್ತಿಯನ್ನು ಏರ್ಪಡಿಸಿದುದು 1982ರಲ್ಲಿ. ಈ ನಡುವಣ ವರ್ಷಗಳಲ್ಲಿ ಪಂದ್ಯಾವಳಿಯನ್ನು ಪೋಷಿಸಿದವರಲ್ಲಿ ಮಹಿಳಾ ದೈಹಿಕ ಶಿಕ್ಷಣತಜ್ಞೆಯರು ಮುಖ್ಯರು. 1972ರಲ್ಲಿ ಜಾರಿಗೆ ಬಂದ, ಕೇಂದ್ರ ಸರ್ಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಲಿಂಗಭೇದವು ಸಲ್ಲದೆಂದು ವಿಧಿಸಿದ ಕಾನೂನು ಅವರ ಪ್ರಯತ್ನಕ್ಕೆ ಬಲವನ್ನಿತ್ತಿತು. 1990ರಿಂದೀಚೆಗೆ, ಒಂದು ವರ್ಷದ ಹೊರತು, ಒಕ್ಲಹೋಮಾ ನಗರವೇ ಅಂತಿಮ ಘಟ್ಟದ ಕ್ಷೇತ್ರವಾಗಿದೆ.

ಎರಡು ಸೋಲಿನ ನಿಯಮ

ಅರುವತ್ತನಾಲ್ಕು ತಂಡಗಳಿಂದ ಆರಂಭವಾಗಿ, ಎರಡು ಪ್ರಾದೇಶಿಕ ಹಂತಗಳನ್ನು ದಾಟಿ, ಎಂಟು ತಂಡಗಳು ಒಕ್ಲಹೋಮಾ ನಗರವನ್ನು ತಲುಪುತ್ತವೆ. ಅಲ್ಲಿ ಅವನ್ನು ನಾಲ್ಕು ನಾಲ್ಕರ ಎರಡು ಗುಂಪುಗಳಾಗಿ ವಿಂಗಡಿಸುತ್ತಾರೆ. ಒಮ್ಮೆ ಸೋತ ತಂಡ ಮನೆಗೆ ಹೋಗದೆ, ಸೋತವರ ಸಾಲಿಗೆ ಇಳಿದು ಮತ್ತೆ ಗೆದ್ದು ಮೇಲೇರಬಹುದು. ಎರಡನೆಯ ಸೋಲಿನಿಂದ ಮಾತ್ರ ಅದು ನಿರ್ಗಮಿಸುತ್ತದೆ. ಉಳಿದ ಎರಡು ತಂಡಗಳು ಕಟ್ಟಕಡೆಗೆ, ಹಿಂದಿನ ಸೋಲು ಲೆಕ್ಕಕ್ಕೆ ಬಾರದಂತೆ, ಮೂರು ಪಂದ್ಯಗಳ ಸರಣಿಯಲ್ಲಿ ಸೆಣಸುತ್ತವೆ.

ಈ ನಿಯಮದ ಫಲವನ್ನು 2021ರ ಪಂದ್ಯಾವಳಿಯು ಸ್ಪಷ್ಟವಾಗಿ ತೋರಿಸಿಕೊಟ್ಟಿತು. ಒಕ್ಲಹೋಮಾ ವಿಶ್ವವಿದ್ಯಾನಿಲಯವು ಅಂತಿಮ ಘಟ್ಟದ ತನ್ನ ಪ್ರಥಮ ಪಂದ್ಯದಲ್ಲಿಯೇ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾನಿಲಯಕ್ಕೆ 3–4ರಿಂದ ಸೋತಿತು. ಸೋತವರ ಸಾಲಿನಿಂದ ಮೇಲೇರಿ ಅದೇ ಎದುರಾಳಿಯನ್ನು ಎರಡು ಬಾರಿ ಮಣಿಸಿತು. ಕೊನೆಯ ಸರಣಿಯ ಮೊದಲ ಪಂದ್ಯವನ್ನು ಫ್ಲಾರಿಡಾ ಸ್ಟೇಟ್ ತಂಡಕ್ಕೆ ಒಪ್ಪಿಸಿ, ಉಳಿದೆರಡನ್ನು ಗೆದ್ದು ಪ್ರಶಸ್ತಿಯನ್ನು ಪಡೆಯಿತು. 2022, 2023, 2024ರಲ್ಲಿಯೂ ಅದೇ ತಂಡ ಜಯಶಾಲಿಯಾದುದನ್ನು ನೆನೆದರೆ, ಮೊದಲ ದಿನದ ಸೋಲು ಆ ಆಟಗಾರ್ತಿಯರ ಯೋಗ್ಯತೆಯ ಸರಿಯಾದ ಅಳತೆಯಾಗಿರಲಿಲ್ಲವೆಂಬುದು ನಿರ್ವಿವಾದ.

ನಮ್ಮಲ್ಲಿ ಆಗಬೇಕಾದುದು

ನಮ್ಮ ಅಂತರವಿಶ್ವವಿದ್ಯಾನಿಲಯ ಪಂದ್ಯಾವಳಿಗಳಲ್ಲಿ ಮೊದಲು ನಾಕ್‌ಔಟ್ ನಡೆಸಿ, ಕಡೆಯ ಕೆಲವು ತಂಡಗಳಿಗೆ ಮಾತ್ರ ಲೀಗ್ ಏರ್ಪಡಿಸುವ ಪರಿಪಾಠವು ಹಲವು ಕ್ರೀಡೆಗಳಲ್ಲುಂಟು. ನೂರಾರು ಮೈಲಿ ರೈಲಿನಲ್ಲಿ ಪಯಣಿಸಿ, ಪರಿಚಯವಿಲ್ಲದ ಮೈದಾನದಲ್ಲಿ ಇಳಿದ ತಂಡವೊಂದು ಮೊದಲ ದಿನವೇ ಒಂದು ಕೈತಪ್ಪಿದ ಚೆಂಡಿನಿಂದ ಸೋತು ಹಿಂದಿರುಗಬೇಕಾದಾಗ, ವರ್ಷವೆಲ್ಲ ಅಭ್ಯಾಸ ಮಾಡಿದ ಹುಡುಗಿಗೆ ತನ್ನ ನಿಜವಾದ ಸಾಮರ್ಥ್ಯವನ್ನು ಕಾಣುವ ಭಾಗ್ಯವೇ ಒದಗುವುದಿಲ್ಲ. ತಂಡಗಳು ಬಹುಸಂಖ್ಯೆಯಲ್ಲಿರುವ ಅಖಿಲ ಭಾರತ ಮಟ್ಟದಲ್ಲಿ ಖರ್ಚು ಮತ್ತು ಕಾಲದ ಅಡಚಣೆ ಇರುವುದನ್ನು ಒಪ್ಪಲೇಬೇಕು. ಆದರೆ ಒಂದು ವಿಶ್ವವಿದ್ಯಾನಿಲಯದ ಅಂತರಕಾಲೇಜು ಸ್ಪರ್ಧೆಗೆ ಈ ಆಕ್ಷೇಪಣೆ ಅಷ್ಟಾಗಿ ತಟ್ಟದು. ನಾಲ್ಕು ತಂಡಗಳಿಗೆ ನಾಕ್‌ಔಟ್ ಕ್ರಮದಲ್ಲಿ ಮೂರು ಪಂದ್ಯಗಳು ಬೇಕು. ಎರಡು ಸೋಲಿನ ಕ್ರಮದಲ್ಲಿ, ಹೊರಬೀಳುವ ಮೂರು ತಂಡಗಳೂ ಎರಡೆರಡು ಬಾರಿ ಸೋಲಬೇಕಾದುದರಿಂದ, ಆರು ಇಲ್ಲವೆ ಏಳು ಪಂದ್ಯಗಳು ಸಾಕು. ಇನ್ನೊಂದು ದಿನ ಮೈದಾನವನ್ನು ಕಾಯ್ದಿರಿಸಿ, ಅಂಪೈರುಗಳಿಗೂ ಊಟೋಪಚಾರಕ್ಕೂ ಒಂದಿಷ್ಟು ಹಣವನ್ನು ಒದಗಿಸಿದರೆ ಕೆಲಸ ಕೈಗೂಡುತ್ತದೆ. ಶಿವಮೊಗ್ಗ, ಭದ್ರಾವತಿಗಳ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ತಮ್ಮ ಮಟ್ಟದಲ್ಲಿ ಇದನ್ನು ಪ್ರಯೋಗಿಸಿ ನೋಡಲಿ. ಪಂದ್ಯಗಳು ಹೆಚ್ಚಿದಷ್ಟೂ ಆಯ್ಕೆಗಾರರಿಗೆ ಆಟಗಾರ್ತಿಯರ ಗುಣದೋಷಗಳು ತಿಳಿದಾವು, ವಿಶ್ವವಿದ್ಯಾನಿಲಯದ ತಂಡ ಸದೃಢವಾದೀತು. ಸೋತ ಮರುದಿನವೇ ಮತ್ತೆ ಗ್ಲೌಸ್ ತೊಟ್ಟು ಮೈದಾನಕ್ಕಿಳಿಯುವ ಧೈರ್ಯವನ್ನು ನಮ್ಮ ಹೆಣ್ಣುಮಕ್ಕಳು ಪಾಠವಾಗಿ ಅಲ್ಲ, ಅನುಭವವಾಗಿ ಕಲಿತಾರು.