ಹತ್ತಿಕಟ್ಟಿಗೆಯ ತಿಪ್ಪೆ

ನಮ್ಮ ದೇವದುರ್ಗ, ಮಾನ್ವಿ ಕಡೆ ತಿಪ್ಪೆ ಅಂದರೆ ಸೆಗಣಿ ಚೆಲ್ಲುವ ಜಾಗ, ಅಷ್ಟೆ. ಬಯಲಿನಲ್ಲಿ ಗುಡ್ಡೆ ಹಾಕುತ್ತೇವೆ. ಬೇಸಿಗೆಯಲ್ಲಿ ಅದು ಒಣಗಿ ಕುರುಳಾಗುತ್ತದೆ. ಮಳೆ ಬಂದರೆ ಸಾರವೆಲ್ಲ ಕರಿನೀರಾಗಿ ಹಳ್ಳ ಸೇರುತ್ತದೆ. ಹೊಲಕ್ಕೆ ಹೋಗುವುದು ಉಳಿದ ಕಸ. ಇತ್ತ ಬದುವಿನ ಮೇಲೆ ಹತ್ತಿಕಟ್ಟಿಗೆ ಒಟ್ಟಿ ಕಡ್ಡಿ ಗೀರುತ್ತೇವೆ.

ನನಗಿರುವುದು ಆರು ಎಕರೆ ಎರೆಹೊಲ, ಒಂದು ಜೋಡಿ ಎತ್ತು, ಒಂದು ಎಮ್ಮೆ. ಇವುಗಳ ಸೆಗಣಿ ಆರು ಎಕರೆಗೆ ಎಲ್ಲಿ ಸಾಲಬೇಕು? ಊರಲ್ಲಿ ದನ ಕಡಿಮೆಯಾದ ಮೇಲೆ ರೊಕ್ಕ ಹಿಡಿದು ತಿರುಗಿದರೂ ಒಳ್ಳೆ ಗೊಬ್ಬರ ಸಿಗುತ್ತಿಲ್ಲ. ಅದಕ್ಕೇ ಕಟ್ಟಿಗೆಗೆ ಕೈ ಹಾಕಿದೆ.

"ಕಟ್ಟಿಗಿ ಎಲ್ಲಿ ಕೊಳಿತದ ಮಾವ?" ಅಂತ ಬಾಜೂ ಹೊಲದ ಹುಡುಗ ನಕ್ಕ. ಕೊಳೆಯುತ್ತದೆ. ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲೆಂಡಿನ ವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿ ಇದನ್ನೇ ಮಾಡಿ ತೋರಿಸಿದರು. ಅದೂ ನಮ್ಮಂಥದೇ ಎರೆಭೂಮಿ, ಹತ್ತಿಯ ನಾಡು. ಹತ್ತಿ, ತೊಗರಿ ಕಟ್ಟಿಗೆಯನ್ನು ಅವರು ಬಂಡಿ ಓಡಾಡುವ ದಾರಿಯಲ್ಲಿ ಹಾಸುತ್ತಿದ್ದರು. ಗಾಲಿಗೆ ಸಿಕ್ಕು ಸೀಳಿ ಮೆತ್ತಗಾದದ್ದನ್ನು ಎತ್ತಿನ ಕೆಳಗೆ ಹಾಸಿ, ಗಂಜಲ ಕುಡಿಸಿ, ಆಮೇಲೆ ಗುಂಡಿಗೆ ಹಾಕುತ್ತಿದ್ದರು. ಈಗ ಟ್ರ್ಯಾಕ್ಟರ್ ಇದೆ, ನಮ್ಮ ಹೊಲದ ದಾರಿಯಲ್ಲಿ ಎರಡು ದಿನಕ್ಕೇ ಪುಡಿಯಾಗುತ್ತದೆ. ಇಡೀ ಕಟ್ಟಿಗೆ ಹಾಕಿದರೆ ಮಾತ್ರ ಆ ಹುಡುಗ ಹೇಳಿದ್ದೇ ಖರೆ.

ಕಟ್ಟಿಗೆ ಸುಡುವವರು ಒಂದು ಕಾರಣ ಹೇಳುತ್ತಾರೆ, ಅದನ್ನು ತಳ್ಳಿಹಾಕುವಂತಿಲ್ಲ: ಗುಲಾಬಿ ಕಾಯಿಕೊರಕ. ಗಿಡದಲ್ಲಿ ಉಳಿದ ಒಣಕಾಯಿಯೊಳಗೆ ಹುಳು ಮಲಗಿರುತ್ತದೆ, ಮುಂದಿನ ಹತ್ತಿಗೆ ಎದ್ದು ಬರುತ್ತದೆ. ಒಲೆಗೆಂದು ಮನೆ ಹಿಂದೆ ಒಟ್ಟಿದ ಕಟ್ಟಿಗೆ ಹುಳುವಿಗೆ ಒಳ್ಳೆ ಮನೆ. ಹಾಗಾಗಿ ನಾನು ಹತ್ತಿ ಬಿಡಿಸಿ ಮುಗಿದ ಕೂಡಲೇ ಕುರಿ ಬಿಡಿಸುತ್ತೇನೆ, ಎಳೆಕಾಯಿ, ಎಲೆ ತಿಂದುಹೋಗುತ್ತವೆ. ಉಳಿದ ಒಣಕಾಯಿ ಆರಿಸಿ ಸುಡುತ್ತೇನೆ. ಆಮೇಲೆ ಗಿಡ ಕಿತ್ತು ದಾರಿಗೆ. ಜನವರಿಯೊಳಗೆ ಇದು ಮುಗಿಯಬೇಕು.

ಗುಂಡಿ ಬೇವಿನ ನೆರಳಲ್ಲಿದೆ. ಹತ್ತು ಅಡಿ ಉದ್ದ, ಐದು ಅಡಿ ಅಗಲ, ಎರಡೇ ಅಡಿ ಆಳ. ಇನ್ನೂ ಆಳ ಮಾಡಿದರೆ ಕೆಳಗೆ ಗಾಳಿಯಾಡದೆ ನಾರುತ್ತದೆ. ನೆಲದ ಮೇಲೇ ಒಟ್ಟಿದರೆ ನಮ್ಮ ಬಿಸಿಲಿಗೆ ವಾರದಲ್ಲಿ ಒಣಗುತ್ತದೆ. ಮಳೆಗಾಲಕ್ಕಾದರೆ ನೆಲದ ಮೇಲಿನ ಗುಡ್ಡೆಯೇ ಸರಿ, ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಒಂದು ಗೇಣು ಕಟ್ಟಿಗೆ ಪುಡಿ, ದನ ಬಿಟ್ಟ ಕಣಿಕೆ ದಂಟು, ಅದರ ಮೇಲೆ ಸೆಗಣಿ ರಾಡಿ, ಎತ್ತಿನ ಕೆಳಗಿನ ಗಂಜಲದ ಮಣ್ಣು, ಒಂದು ಹಿಡಿ ಬೂದಿ. ಒಲೆಯ ಬೂದಿ ಮಾತ್ರ, ಶಕ್ತಿನಗರದ ಹಾರುಬೂದಿ ಅಲ್ಲ. ಹೀಗೇ ಪದರ ಪದರವಾಗಿ ನೆಲದಿಂದ ಮೇಲೆ ಒಂದೂವರೆ ಅಡಿ ಬರುವವರೆಗೆ.

ನೀರಿನದೇ ಕಷ್ಟ. ಕುಡಿಯುವ ನೀರಿಗೇ ಸಾಲು ಹಚ್ಚುವ ಊರಲ್ಲಿ ತಿಪ್ಪೆಗೆ ನೀರು ಅಂದರೆ ಬೈಯುತ್ತಾರೆ. ಬಚ್ಚಲ ನೀರನ್ನು ಕಾಲುವೆ ತೆಗೆದು ಗುಂಡಿಗೆ ತಿರುಗಿಸಿದ್ದೇನೆ. ಸೋಪಿನ ನೀರು ಬರುವ ದಿನ ಬೇರೆ ಕಡೆ ಬಿಡುತ್ತೇವೆ, ಇದು ಮನೆಯವಳ ಕಾನೂನು. ಮೇಲೆ ಭತ್ತದ ಹುಲ್ಲಿನ ದಪ್ಪ ಹೊದಿಕೆ. ಆ ಹುಲ್ಲು ಮಾನ್ವಿಯ ಕಾಲುವೆ ಕೆಳಗಿನ ಬೀಗರ ಊರಿನದು. ತುಂಗಭದ್ರಾ ಎಡದಂಡೆಯ ಆ ಗದ್ದೆಗಳಲ್ಲಿ ಮಷಿನ್ ಕೊಯ್ಲಾದ ಮೇಲೆ ಹುಲ್ಲಿಗೆ ಬೆಂಕಿ ಇಡುವುದೇ ರೂಢಿ, ಕೇಳಿದರೆ ಯಾರೂ ಬ್ಯಾಡ ಅನ್ನುವುದಿಲ್ಲ. ಒಳಗಿನದನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು.

ನಾಲ್ಕನೇ ದಿನ ಕಬ್ಬಿಣದ ಹಾರೆ ಚುಚ್ಚಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಎಳೆದು ಮುಟ್ಟಿ ನೋಡಿ. ಹಿಡಿಯಲಾಗದಷ್ಟು ಕಾದಿದ್ದರೆ ಕೆಲಸ ಶುರುವಾಗಿದೆ. 60 ಡಿಗ್ರಿ ಹತ್ತಿರ ಕಾವು ಬಂದರೆ ಕಳೆಬೀಜ, ಹುಳು ಸಾಯುತ್ತವೆ. ಆದರೆ ಅಂಚು ಕಾಯುವುದಿಲ್ಲ. ಮೂರು ವಾರಕ್ಕೊಮ್ಮೆ, ಐದು ವಾರಕ್ಕೊಮ್ಮೆ, ಎರಡು ತಿಂಗಳಿಗೊಮ್ಮೆ ತಿರುವಿ ಅಂಚಿನದನ್ನು ನಡುವಿಗೆ ಹಾಕಬೇಕು. ನಡು ಬಗ್ಗಿಸುವ ಕೆಲಸವೇ, ಸುಳ್ಳು ಹೇಳುವುದಿಲ್ಲ. ಹೋವರ್ಡರಿಗೆ ಮೂರು ತಿಂಗಳು ಸಾಕಾಗಿತ್ತು, ನನಗೆ ನಾಲ್ಕು ಬೇಕು. ಫೆಬ್ರುವರಿಯಲ್ಲಿ ತುಂಬಿದ್ದು ಮಿರಗದ ಮಳೆಗೆ ಸಿದ್ಧ. ಅವಸರಕ್ಕೆ ಅರೆಕೊಳೆತದ್ದು ಹಾಕಿದರೆ ಗೆದ್ದಲಿಗೆ ಹಬ್ಬ, ಪೈರು ಹಳದಿ ತಿರುಗುತ್ತದೆ.

ಒಂದು ಗುಂಡಿಯ ಗೊಬ್ಬರ ವರ್ಷಕ್ಕೆ ಒಂದು ಎಕರೆಗೆ ಮಾತ್ರ. ಆರು ಎಕರೆ ಸುತ್ತಲು ಆರು ವರ್ಷ. ಗೊಬ್ಬರ ಕಂಡ ತುಂಡಿನಲ್ಲಿ ಮಳೆ ಎರಡು ವಾರ ಕೈಕೊಟ್ಟಾಗಲೂ ತೊಗರಿ ಬಾಡಲಿಲ್ಲ, ಬಾಜೂ ತುಂಡಿನದು ಎಲೆ ಮಡಚಿತ್ತು. ಈ ವರ್ಷ ಆ ಹುಡುಗನೂ ಗುಂಡಿ ತೋಡಿದ್ದಾನೆ.

ರಾಯಚೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಮಗಳು ಇದನ್ನೇ ಪೇಂಟಿನ ಎರಡು ಬಕೆಟ್‌ನಲ್ಲಿ ಮಾಡುತ್ತಾಳೆ. ತಳಕ್ಕೆ, ಸುತ್ತ ತೂತು, ಒಳಗೆ ಕಾಯಿಪಲ್ಲೆ ಸಿಪ್ಪೆ. "ಅಪ್ಪಾ, ವಾಸನಿ ಬರಾಕತ್ತದ, ಮಾಲಕರು ಬೈತಾರ" ಅಂತ ಫೋನ್ ಮಾಡಿದಳು. ಹಸಿ ಹೆಚ್ಚಾಗಿತ್ತು. ಒಂದು ಪಾಲು ಸಿಪ್ಪೆಗೆ ಎರಡು ಪಾಲು ಒಣ ಬೇವಿನೆಲೆ ಹಾಕವ್ವ ಅಂದೆ. ವಾರದಲ್ಲಿ ವಾಸನೆ ಹೋಯಿತು. ಈಗ ಓಣಿಯ ಬೇವಿನ ಕೆಳಗೆ ಅವಳೇ ಕಸ ಗುಡಿಸುತ್ತಾಳಂತೆ.